ಮೊದಲು ವೈರ್ ನೋಡ್ರಿ, ಆಮೇಲೆ ಫಾರ್ಮ್ಯಾಟ್ ಮಾಡ್ರಿ

ನಮ್ಮ ಹಾಸ್ಟೆಲ್‌ನಲ್ಲಿ ಕಂಪ್ಯೂಟರ್‌ಗೆ ಏನೇ ಆಗಲಿ, ಮೊದಲು ಬರೋ ಸಲಹೆ ಒಂದೇ: "ಫಾರ್ಮ್ಯಾಟ್ ಹೊಡಿ." ನಾನೂ ಹಾಗೇ ಹೇಳ್ತಿದ್ದೆ. ದೀಪಾವಳಿ ರಜೆಯಲ್ಲಿ ಈ ಚಟದಿಂದ ನಮ್ಮ ಕಾಕಾನ ಎರಡು ದಿನದ ದುಡಿಮೆ ಹೋಯ್ತು. ಅದಕ್ಕೇ ಇದನ್ನು ಬರೀತಿದ್ದೀನಿ.

ಮೂಡಲಗಿಯಲ್ಲಿ ಕಾಕಾನದು ಆನ್‌ಲೈನ್ ಅರ್ಜಿ ತುಂಬೋ ಸಣ್ಣ ಅಂಗಡಿ. ಒಂದು ಡೆಸ್ಕ್‌ಟಾಪ್, ಎರಡು ಮಾನಿಟರ್. ಒಂದು ಕಾಕಾನ ಕಡೆ, ಇನ್ನೊಂದು ಗಿರಾಕಿ ಕಡೆ. ಎರಡನೆಯದು ಶೋಕಿಗಲ್ಲ. ಎದುರು ಕೂತವರು ಹೆಸರು, ಹುಟ್ಟಿದ ತಾರೀಖು, ಬ್ಯಾಂಕ್ ಖಾತೆ ನಂಬರು ಓದಿ "ಬರೋಬ್ಬರಿ ಐತ್ರಿ" ಅಂದಮೇಲೇ ಕಾಕಾ ಸಬ್ಮಿಟ್ ಒತ್ತೋದು. ಒಂದು ಅಂಕಿ ತಪ್ಪಿದರೆ ಯಾರದೋ ಮಗಳ ಸ್ಕಾಲರ್‌ಶಿಪ್ ನಿಂತುಹೋಗಬಹುದು.

ಹಬ್ಬಕ್ಕೆ ಅಂಗಡಿ ಸ್ವಚ್ಛ ಮಾಡುವಾಗ ವೈರೆಲ್ಲ ಬಿಚ್ಚಿ, ಧೂಳು ಒರೆಸಿ, ಮತ್ತೆ ಹಚ್ಚಿದ್ದರು. ಗಿರಾಕಿ ಕಡೆಯ ಮಾನಿಟರ್‌ನಲ್ಲಿ 'ನೋ ಸಿಗ್ನಲ್'. "ಇಂಜಿನಿಯರಿಂಗ್ ಕಲಿಯಾಕತ್ತಿಯಲ್ಲೋ ತಮ್ಮಾ, ಸ್ವಲ್ಪ ನೋಡು" ಅಂದ ಕಾಕಾ. ನಾನು ಸಿಪಿಯು ಹಿಂದೆ ಬಗ್ಗಿ ಸಹ ನೋಡಲಿಲ್ಲ. ಸೀದಾ ವಿಂಡೋಸ್ ಮತ್ತೆ ಹಾಕಿದೆ. ಈಗ ಸರಿ ಇದ್ದ ಮಾನಿಟರ್‌ನಲ್ಲೂ ಅಕ್ಷರ ದಪ್ಪದಪ್ಪ! ಗೋಕಾಕದ ಒಂದು ಅಂಗಡಿಗೆ ಫೋನ್ ಮಾಡಿದರೆ, "ಕಾರ್ಡ್ ಹೋಗಿರಬೇಕು, ಹೊಸಾದು ಹಾಕ್ರಿ" ಅಂದರು. ಕಾಕಾ ರೊಕ್ಕ ಎಣಿಸೋಕೆ ಶುರು ಮಾಡಿದ.

ಕೊನೆಗೆ ಹುಕ್ಕೇರಿಯ ಗೆಳೆಯನನ್ನು ಕೇಳಿದೆ. ಡಿಪ್ಲೊಮಾ ಮುಗಿಸಿ ನಮ್ಮ ಕ್ಲಾಸಿಗೆ ಬಂದವನು. ಅವರ ಕಡೆ ಕರೆಂಟ್ ಹಂಚೋದು ಹೆಸ್ಕಾಂ ಅಲ್ಲ, 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅವನು ಅಂದ: "ಒಂದು ಮನಿ ಲೈಟ್ ಹೋದ್ರ ಲೈನ್‌ಮನ್ ಇಡೀ ಊರಿನ ವೈರ್ ಬದಲಿ ಮಾಡ್ತಾನೇನಲೇ? ಮೊದಲ ಬಾಜೂ ಮನಿ ನೋಡ್ತಾನ, ಆಮ್ಯಾಲೆ ಕಂಬ ನೋಡ್ತಾನ. ನೀ ಎರಡೂ ಮಾನಿಟರಿನ ವೈರ್ ಅದಲಿ ಬದಲಿ ಮಾಡಿ ನೋಡು."

ಮಾಡಿದೆ. 'ನೋ ಸಿಗ್ನಲ್' ಈ ಮಾನಿಟರ್ ಬಿಟ್ಟು ಆ ಮಾನಿಟರ್‌ಗೆ ಹೋಯ್ತು. ಅಂದರೆ ಮಾನಿಟರ್ ಎರಡೂ ಸರಿ. ತೊಂದರೆ ವೈರ್‌ನಲ್ಲಿ, ಇಲ್ಲಾ ಅದರ ಇನ್ನೊಂದು ತುದಿಯಲ್ಲಿ. ಆ ವೈರ್ ಹಿಡಿದು ಹಿಂದೆ ಹೋದರೆ, ವಿಜಿಎ ಪಿನ್ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡ್‌ನ ಪೋರ್ಟಿನಲ್ಲಿ ಕೂತಿತ್ತು. ಬೇರೆ ಕಾರ್ಡ್ ಹಾಕಿದಾಗ ಎಷ್ಟೋ ಬೋರ್ಡ್‌ಗಳು ತಮ್ಮ ಪೋರ್ಟನ್ನು ತಾವೇ ಬಂದ್ ಮಾಡ್ಕೋತವೆ. ಪಿನ್ ಕಾರ್ಡಿಗೆ ಹಚ್ಚಿದೆ. ಆದರೂ ಕೆಲಸ ಮುಗೀಲಿಲ್ಲ: ಡಿವೈಸ್ ಮ್ಯಾನೇಜರ್‌ನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿತ್ತು. ಕಾರ್ಡಿನ ಡ್ರೈವರ್ ನನ್ನ ಫಾರ್ಮ್ಯಾಟ್‌ನಲ್ಲೇ ಹೋಗಿತ್ತು! ಅದನ್ನು ಹಾಕಿ, ವಿಂಡೋಸ್ ಕೀ ಜೊತೆ 'ಪಿ' ಒತ್ತಿ 'ಎಕ್ಸ್‌ಟೆಂಡ್' ಆರಿಸಿದ ಮೇಲೆ ಎರಡೂ ಬಂದವು. ಇದ್ದದ್ದು ಒಂದು ತೊಂದರೆ, ಇನ್ನೊಂದನ್ನು ನಾನೇ ಹುಟ್ಟಿಸಿದ್ದೆ.

ಹಾಗಾಗಿ ನನ್ನ ಮಾತಿಷ್ಟೇ: ಪುಕ್ಕಟೆ ಆಗೋದನ್ನ ಮೊದಲು ಮಾಡಿ, ಒಂದು ಸಲಕ್ಕೆ ಒಂದೇ ಬದಲಿಸಿ. ಮಾನಿಟರ್‌ಗೆ ಪವರ್ ಇದೆಯಾ, ಇನ್‌ಪುಟ್ ಸೋರ್ಸ್ ಸರಿ ಇದೆಯಾ? ವೈರ್ ಅದಲಿ ಬದಲಿ ಮಾಡಿದರೆ ತೊಂದರೆ ಜಾಗ ಬದಲಿಸುತ್ತಾ? ಪಿನ್ ಯಾವ ಪೋರ್ಟಿನಲ್ಲಿದೆ? ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಗ್ರಾಫಿಕ್ಸೇ ಇರಲ್ಲ, ಮದರ್‌ಬೋರ್ಡ್ ಪೋರ್ಟಿಗೆ ಹಚ್ಚಿ ಕಾಯೋದು ದಂಡ. ಎಚ್‌ಡಿಎಂಐ ಪೋರ್ಟಿನಿಂದ ವಿಜಿಎ ಮಾನಿಟರ್‌ಗೆ ಬರೀ ವೈರ್ ಸಾಲದು. ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡೋ ಕನ್ವರ್ಟರ್ ಬೇಕು. ಇವೆಲ್ಲ ಆದಮೇಲೆ ಸೆಟ್ಟಿಂಗ್ಸ್‌ನಲ್ಲಿ 'ಡಿಟೆಕ್ಟ್', ಆಮೇಲೆ ಡ್ರೈವರ್, ಆಮೇಲೆ ಬಯೋಸ್. ಫಾರ್ಮ್ಯಾಟ್ ಮಾಡಲೇಬಾರದು ಅಂತಲ್ಲ, ಅದು ಸಾಲಿನ ಕೊನೆಯಲ್ಲಿರಲಿ.

"ಇಷ್ಟೆಲ್ಲ ಯಾರು ನೋಡ್ತಾರೆ, ಫಾರ್ಮ್ಯಾಟ್ ಮಾಡಿದ್ರೆ ಟೈಮ್ ಉಳಿಯುತ್ತೆ" ಅಂತೀರಾ? ವೈರ್ ಬದಲಿಸೋಕೆ ಎರಡು ನಿಮಿಷ ಸಾಕು. ನನ್ನ ಫಾರ್ಮ್ಯಾಟ್‌ಗೆ ಎರಡು ದಿನ ಹೋಯ್ತು. ಅದಕ್ಕಿಂತ ದೊಡ್ಡ ಮಾತು, ಫಾರ್ಮ್ಯಾಟ್‌ನಿಂದ ಸರಿಹೋದರೂ ಏನಾಗಿತ್ತು ಅಂತ ಗೊತ್ತಾಗಲ್ಲ. ಮುಂದಿನ ಸಲ ಮತ್ತೆ ಅದೇ ಕತ್ತಲು.

ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಒಂದೊಂದೇ ಪಾಯಿಂಟ್‌ಗೆ ಮಲ್ಟಿಮೀಟರ್ ಇಟ್ಟು ನೋಡ್ತೀವಿ. ಊರಿಗೆ ಹೋದ ಕೂಡಲೇ ಆ ಬುದ್ಧಿ ಎಲ್ಲಿ ಹೋಗುತ್ತೆ? ಅಲ್ಲಿ ಜನ ನಮ್ಮನ್ನು ಇಂಜಿನಿಯರ್ ಅಂತ ನಂಬ್ತಾರೆ. ನಾವು ಗೊತ್ತಿಲ್ಲದೆ 'ಕಾರ್ಡ್ ಹೋಗೈತಿ' ಅಂದರೂ ಅವರು ರೊಕ್ಕ ತೆಗೀತಾರೆ. ಕಾಕಾ ಆವತ್ತು ಎಣಿಸಿದ ರೊಕ್ಕ ಗಲ್ಲಾಕ್ಕೆ ವಾಪಸ್ ಹೋಯ್ತು. ಎರಡು ದಿನದ ದುಡಿಮೆ ಮಾತ್ರ ವಾಪಸ್ ಬರಲಿಲ್ಲ.