ಒಂದೇ ಚಿಪ್‌ಗೆ ಮೂರು ಕಿಟಕಿ

ಚಿಪ್‌ನೊಳಗೆ ತಂತಿ ಎಳೆಯುವವರ ಕಷ್ಟವನ್ನು ಒಂದು ಲೆಕ್ಕದಲ್ಲಿ ಹೇಳಿಬಿಡಬಹುದು. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸೇರಿ 130 ನ್ಯಾನೊಮೀಟರ್ ಚಿಪ್ ತಯಾರಿಕೆಯ ನಿಯಮಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟವು. ಅದರಲ್ಲಿ ಮೆಟಲ್-1 ಪದರದ ತಂತಿಯ ಕನಿಷ್ಠ ಅಗಲ 0.14 ಮೈಕ್ರಾನ್. ಅದೇ ಯೋಜನೆಯ ಕ್ಯಾರವೆಲ್ ಎಂಬ ಸಿದ್ಧ ಚೌಕಟ್ಟಿನಲ್ಲಿ ನಮ್ಮ ಸರ್ಕ್ಯೂಟ್‌ಗೆ ಸಿಗುವ ಜಾಗ 2.92 ಮಿ.ಮೀ. ಅಗಲ, 3.52 ಮಿ.ಮೀ. ಉದ್ದ. ಅಂದರೆ ತಂತಿಯ ಅಗಲಕ್ಕಿಂತ ಚಿಪ್‌ನ ಉದ್ದ ಸುಮಾರು 25,000 ಪಟ್ಟು ಹೆಚ್ಚು. ತಂತಿ ಅಂಗೈ ಅಗಲ ಇದೆ ಅಂದುಕೊಳ್ಳಿ. ಆಗ ಚಿಪ್ ಸುಮಾರು ಎರಡು ಕಿಲೋಮೀಟರ್ ಆಯಿತು, ನಮ್ಮ ಖಿದಿರ್‌ಪುರದಿಂದ ವಿಕ್ಟೋರಿಯಾ ಮೆಮೋರಿಯಲ್‌ವರೆಗೆ ಹೋದಷ್ಟು. ಅಷ್ಟು ದೂರದ ಎರಡು ತುದಿಗಳನ್ನು ಅಂಗೈ ಅಗಲದ ಪಟ್ಟಿಯಿಂದ ಕೂಡಿಸಬೇಕು, ಎರಡೂ ಕಡೆ ಕೂದಲೆಳೆಯಷ್ಟೂ ಆಚೀಚೆ ಆಗಕೂಡದು.

ಈ ಲೆಕ್ಕ ಈಗ ಬಂದದ್ದು ನಮ್ಮ ಕೆಳಮನೆಯವರಿಂದ. ಅವರಿಗೆ ಫ್ಯಾನ್ಸಿ ಮಾರ್ಕೆಟ್‌ನಲ್ಲಿ ಸಣ್ಣ ಅಂಗಡಿ. ಮಗ ಎಲೆಕ್ಟ್ರಾನಿಕ್ಸ್ ಓದಿ ಮನೆಯಲ್ಲೇ ಲೇಔಟ್ ಕಲಿಯುತ್ತಿದ್ದಾನೆ, ಬೆಂಗಳೂರಿಗೆ ಹೋಗುವ ಆಸೆ. (ಬೆಂಗಳೂರು ಬಿಟ್ಟು ಬಂದ ನಾನು ಇಲ್ಲಿ, ಅಲ್ಲಿಗೆ ಹೊರಟ ಅವನೂ ಇಲ್ಲಿ!) ಲ್ಯಾಪ್‌ಟಾಪ್ ಹಳೆಯದು, 768 ಸಾಲು ಪಿಕ್ಸೆಲ್‌ನ ಪರದೆ. "ದಾದಾ, ದೊಡ್ಡ ಮಾನಿಟರ್ ಬೇಕಂತಾನೆ, ಸಾಲ ಮಾಡಲಾ?" ಎಂದು ಕೇಳಿದರು. ಲೇಔಟ್ ಕೆಲಸದಲ್ಲೇ ಅನ್ನ ತಿಂದವನು ನಾನು. ಬೇಡ, ಮೊದಲು ಹುಡುಗನನ್ನು ಕಳಿಸಿ ಅಂದೆ.

ಲೆಕ್ಕವೇ ಹೇಳುತ್ತದಲ್ಲ. ತಂತಿಯ ಅಗಲಕ್ಕೆ ಒಂದೇ ಪಿಕ್ಸೆಲ್ ಕೊಟ್ಟರೂ ಇಡೀ ಚಿಪ್ ಕಾಣಲು ಅಂಥ 33 ಪರದೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎರಡನೇ ಮಾನಿಟರ್ ತಂದರೂ ಹಸಿವು ಹಿಂಗುವುದಿಲ್ಲ.

ಹುಡುಗ ಬಂದ. ಅವನು ಏನು ಮಾಡುತ್ತಿದ್ದ ಗೊತ್ತೇ? ಲೇಔಟ್ ಕಡತದ ಒಂದು ನಕಲು ಮಾಡಿಟ್ಟು, ಪ್ರೋಗ್ರಾಮನ್ನು ಎರಡು ಸಲ ತೆರೆದು, ಒಂದರಲ್ಲಿ ಇಡೀ ಚಿಪ್, ಇನ್ನೊಂದರಲ್ಲಿ ಸಣ್ಣ ಮೂಲೆ ಇಟ್ಟುಕೊಂಡಿದ್ದ. ಮೂಲೆಯಲ್ಲಿ ತಿದ್ದಿದ್ದು ದೊಡ್ಡದರಲ್ಲಿ ಇಲ್ಲ, ದೊಡ್ಡದರಲ್ಲಿ ತಿದ್ದಿದ್ದು ಮೂಲೆಯಲ್ಲಿ ಇಲ್ಲ. ಎರಡು ವಾರದ ಕೆಲಸ ಎರಡು ಕಡತಗಳಲ್ಲಿ ಹಂಚಿಹೋಗಿ ಯಾವುದು ಸರಿ ಎಂಬುದೇ ತಿಳಿಯದಾಗಿತ್ತು. ತಯಾರಿಕೆಗೆ ಹೋಗುವ ಚಿಪ್‌ನಲ್ಲಿ ಹೀಗಾಗಿ ಒಂದು ತಂತಿ ತಪ್ಪಿದರೆ ಬಂದ ಚಿಪ್‌ಗಳನ್ನೆಲ್ಲ ಕಸಕ್ಕೆ ಹಾಕಬೇಕು. ಬೋರ್ಡ್ ಆಗಿದ್ದರೆ ಮೇಲೊಂದು ತಂತಿ ಬೆಸುಗೆ ಹಾಕಿ ಪಾರಾಗಬಹುದು, ಚಿಪ್‌ನಲ್ಲಿ ಆ ಸೌಕರ್ಯ ಇಲ್ಲ.

ಅವನು ಬಳಸುವುದು ಮ್ಯಾಜಿಕ್ ಎಂಬ ಉಚಿತ ತಂತ್ರಾಂಶ. 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ಮತ್ತು ಅವರ ವಿದ್ಯಾರ್ಥಿಗಳು ಬರೆದದ್ದು, ಈಗ ಟಿಮ್ ಎಡ್ವರ್ಡ್ಸ್ ನೋಡಿಕೊಳ್ಳುತ್ತಾರೆ. ಆ ವಿದ್ಯಾರ್ಥಿಗಳಲ್ಲಿ ಒಬ್ಬರಾದ ವಾಲ್ಟರ್ ಸ್ಕಾಟ್ 1992ರಲ್ಲಿ ಉಪಗ್ರಹದಿಂದ ಭೂಮಿಯ ಚಿತ್ರ ತೆಗೆಯುವ ಕಂಪನಿ ಕಟ್ಟಿದರು, ಅದೇ ಮುಂದೆ ಡಿಜಿಟಲ್‌ಗ್ಲೋಬ್ ಆಯಿತು. ಮೇಲಿನಿಂದ ನೋಡುವ ಚಟ ಬಿಡಲಿಲ್ಲ ಅಂತ ಕಾಣುತ್ತದೆ.

ಮ್ಯಾಜಿಕ್‌ನಲ್ಲಿ ಲೇಔಟ್ ಮೇಲೆ ಒಂದು ಪೆಟ್ಟಿಗೆ ಎಳೆದು, ಕೋಲನ್ ಒತ್ತಿ ಓಪನ್‌ವಿಂಡೋ ಎಂದು ಟೈಪ್ ಮಾಡಿದರೆ ಆ ಜಾಗವನ್ನು ತೋರಿಸುವ ಹೊಸ ಕಿಟಕಿ ತೆರೆದುಕೊಳ್ಳುತ್ತದೆ. ಅದು ನಕಲಲ್ಲ. ಒಳಗಿರುವ ಲೇಔಟ್ ಒಂದೇ, ಕಿಟಕಿಗಳು ಬರೀ ನೋಟ. ಒಂದರಲ್ಲಿ ಬಣ್ಣ ಬಳಿದರೆ ಉಳಿದವುಗಳಲ್ಲೂ ಆ ಕ್ಷಣವೇ ಕಾಣುತ್ತದೆ. ನಿಯಮ ಮುರಿದಲ್ಲಿ ಮೂಡುವ ಬಿಳಿ ಚುಕ್ಕೆಗಳೂ ಹಾಗೆಯೇ. ಲೇಔಟ್ ಎರಡೆರಡು ಸಲ ತುಂಬಿಕೊಳ್ಳದ ಕಾರಣ ಹಳೆಯ ಲ್ಯಾಪ್‌ಟಾಪ್‌ಗೂ ಭಾರವಿಲ್ಲ. ಯಾವ ಪದರ ಕಾಣಬೇಕು ಎಂಬುದನ್ನು ಪ್ರತಿ ಕಿಟಕಿಗೂ ಬೇರೆ ಬೇರೆ ಹೇಳಬಹುದು, ಒಂದರಲ್ಲಿ ಎಲ್ಲವೂ, ಇನ್ನೊಂದರಲ್ಲಿ ಬರೀ ಲೋಹ.

ನಿಜವಾದ ಸೊಗಸು ಮುಂದಿದೆ. ಮ್ಯಾಜಿಕ್‌ನ ಪೆಟ್ಟಿಗೆಯ ಕೆಳಗಿನ ಎಡಮೂಲೆ ಮೌಸ್‌ನ ಎಡಗುಂಡಿಗೆ, ಮೇಲಿನ ಬಲಮೂಲೆ ಬಲಗುಂಡಿಗೆ. ಚಿಪ್‌ನ ಒಂದು ತುದಿಯನ್ನು ದೊಡ್ಡದು ಮಾಡಿ ಒಂದು ಕಿಟಕಿ, ಇನ್ನೊಂದು ತುದಿಗೆ ಮತ್ತೊಂದು. ಮೊದಲನೆಯದರಲ್ಲಿ ಎಡಗುಂಡಿ ಒತ್ತಿ, ಎರಡನೆಯದರಲ್ಲಿ ಬಲಗುಂಡಿ ಒತ್ತಿ. ಈಗ ಎರಡೂ ತುದಿ ಕಣ್ಣಳತೆಯಲ್ಲೇ ಕರಾರುವಾಕ್ಕಾಗಿ ಕೂತ ಉದ್ದನೆಯ ಪೆಟ್ಟಿಗೆ ಸಿದ್ಧ, ಲೋಹ ಬಳಿಯುವುದಷ್ಟೇ ಬಾಕಿ. ಇಡೀ ಚಿಪ್‌ನ ಮೂರನೇ ಕಿಟಕಿಯಲ್ಲಿ ಆ ತಂತಿ ದಾರಿಯಲ್ಲಿ ಯಾರನ್ನೂ ತುಳಿಯಲಿಲ್ಲ ತಾನೆ ಎಂದು ನೋಡಿಕೊಳ್ಳಿ.

ಹುಡುಗನಿಗೆ ಅರ್ಥ ಮಾಡಿಸಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. 1892ರಲ್ಲಿ ತೆರೆದ ಖಿದಿರ್‌ಪುರ ಡಾಕ್ ಅವನ ಮನೆಯಂಗಳ. ಲಾಕ್‌ನ ಇಕ್ಕಟ್ಟಿನಲ್ಲಿ ಹಡಗು ಒಳಗೆ ಬರುವಾಗ ಮೂತಿ ನೋಡುವವನೊಬ್ಬ, ಬಾಲ ನೋಡುವವನೊಬ್ಬ, ಹಡಗು ಮಾತ್ರ ಒಂದೇ. "ಹಾಗಾದ್ರೆ ನಾನು ಎರಡು ಹಡಗು ತಂದಿದ್ದೆ ಕಾಕು" ಅಂದ.

ಕಂಪನಿಗಳಲ್ಲಿ ಮ್ಯಾಜಿಕ್ ಬಳಸುವುದು ಕಡಿಮೆ, ಅಲ್ಲಿ ಕೇಡೆನ್ಸ್‌ನ ವರ್ಚುಯೋಸೊದಂಥ ದುಬಾರಿ ತಂತ್ರಾಂಶಗಳ ರಾಜ್ಯ. ಗುಂಡಿಗಳು ಬೇರೆ, ಕೀಲಿಗಳು ಬೇರೆ. ಕೋರ್ಸ್ ಮಾರುವವರು ಇದನ್ನೇ ತೋರಿಸಿ ಹೆದರಿಸುತ್ತಾರೆ. ನಾನು ಕಂಡ ಹಾಗೆ ಕೀಲಿಗಳನ್ನು ಕಲಿಯಲು ಹದಿನೈದು ದಿನ ಸಾಕು. ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೆ ಕಣ್ಣಲ್ಲಿಟ್ಟುಕೊಂಡು ತಂತಿ ಎಳೆಯುವ ರೂಢಿಗೆ ತಿಂಗಳುಗಳು ಬೇಕು, ಅದನ್ನು ಬಿಟ್ಟಿ ತಂತ್ರಾಂಶದಲ್ಲೇ ಮಾಡಿಕೊಳ್ಳಬಹುದು.

ಈಗ ಅವನು ನಕಲು ಕಡತ ಅಳಿಸಿ, ಉಳಿದದ್ದರಲ್ಲಿ ಮೂರು ಕಿಟಕಿ ತೆರೆದು ಮೊದಲಿನಿಂದ ತಂತಿ ತಾಳೆ ನೋಡುತ್ತಿದ್ದಾನೆ. ಹನ್ನೊಂದು ಕಡೆ ಸರಿಯಿಲ್ಲ ಎಂದು ನಿನ್ನೆ ರಾತ್ರಿ ಸಂದೇಶ ಕಳಿಸಿದ್ದ.