ವೆನಿಸ್ಸಿನವರಿಗೆ ಸಲ್ಲದ ವೆನಿಸ್ಸಿನ ಕಥೆ

ಡೊನ್ನಾ ಲಿಯಾನ್ ಎಂಬ ಅಮೆರಿಕದ ಲೇಖಕಿಯ ಪತ್ತೇದಾರಿ ಕಾದಂಬರಿಗಳನ್ನು ನಮ್ಮ ವಾಚಕರಲ್ಲಿ ಕೆಲವರು ಇಂಗ್ಲಿಷಿನಲ್ಲಿ ಓದಿರಬಹುದು. ನಾನೂ ಓದಿ ಸಂತೋಷಪಟ್ಟವನು. ಮೊದಲನೆಯದು ೧೯೯೨ರಲ್ಲಿ ಹೊರಬಂದಿತು. ಈಗ ಅವುಗಳ ಸಂಖ್ಯೆ ಮೂವತ್ತನ್ನು ಮೀರಿದೆ. ಇಟಲಿಯ ವೆನಿಸ್ ನಗರದ ಪೊಲೀಸು ಅಧಿಕಾರಿ ಗ್ವಿದೊ ಬ್ರುನೆಟ್ಟಿಯು ಇವುಗಳ ನಾಯಕ. ಹಗಲೆಲ್ಲ ಕೊಲೆಗಾರರ ಜಾಡನ್ನರಸಿ, ಮನೆಗೆ ಬಂದು ಟ್ಯಾಸಿಟಸನೇ ಮೊದಲಾದ ಪ್ರಾಚೀನರನ್ನು ಓದುವ ಅಧಿಕಾರಿಯಲ್ಲಿ ನನ್ನಂತಹ ಪಾಠಶಾಲೆಯ ಮುದುಕನಿಗೆ ವಿಶ್ವಾಸ ಹುಟ್ಟುವುದು ಸಹಜ. ಆದುದರಿಂದ ನನ್ನ ಆಕ್ಷೇಪಣೆಯು ಕಥೆಗಳ ಮೇಲಲ್ಲ; ಲೇಖಕಿಯು ವಿಧಿಸಿರುವ ಒಂದು ನಿರ್ಬಂಧದ ಮೇಲೆ.

ಈ ಗ್ರಂಥಗಳು ಜರ್ಮನ್ ಮೊದಲಾದ ಅನೇಕ ಭಾಷೆಗಳಿಗೆ ಇಳಿದಿವೆ. ಜರ್ಮನರು ಇವನ್ನು ೨೦೦೦ದಿಂದ ೨೦೧೯ರವರೆಗೆ ದೂರದರ್ಶನದಲ್ಲಿಯೂ ತೋರಿಸಿದರು. ಇಟಾಲಿಯನ್ ಭಾಷೆಗೆ ಮಾತ್ರ ಕೂಡದೆಂದು ಲೇಖಕಿಯೇ ತಡೆದಿದ್ದಾರೆ! ತಾನು ವಾಸಿಸುವ ಊರಿನಲ್ಲಿ ಪ್ರಸಿದ್ಧಳಾಗಿ ಬಾಳಲು ಇಷ್ಟವಿಲ್ಲವೆಂಬುದು ಅವರು ಕೊಟ್ಟ ಕಾರಣ. ಆ ಮೇಲೆ ಈಕೆ ಸ್ವಿಟ್ಜರ್ಲೆಂಡಿಗೆ ಹೋಗಿ ನೆಲಸಿದರು, ೨೦೨೦ರಲ್ಲಿ ಅಲ್ಲಿಯ ಪೌರತ್ವವನ್ನೂ ಪಡೆದರು. ಕಾರಣವು ಊರು ಬಿಟ್ಟಿತು, ನಿರ್ಬಂಧವು ಬಿಡಲಿಲ್ಲ.

ಕೃತಿಯು ಕರ್ತೃವಿನ ಸ್ವತ್ತು, ಕೊಡುವುದೂ ಬಿಡುವುದೂ ಅವರ ಇಚ್ಛೆ ಎಂದು ಪೂರ್ವಪಕ್ಷಿಗಳು ಹೇಳಬಹುದು. ಒಪ್ಪಿದೆನು. ಆದರೆ ಕೃತಿಯ ದ್ರವ್ಯವು ಯಾರದು? ೨೦೦೧ರ ಕಾದಂಬರಿಗೆ ಪೆಲೆಸ್ಟ್ರೀನಾ ದ್ವೀಪದ ಬೆಸ್ತರು ಬೇಕಾದರು. ೨೦೦೬ರದಕ್ಕೆ ಮುರಾನೋ ದ್ವೀಪದ ಗಾಜಿನ ಕುಲುಮೆಯವರು ಬೇಕಾದರು. ಅವರ ಲೋಭ, ಹಗೆ, ಗುಟ್ಟುಗಳನ್ನೆಲ್ಲ ಪರದೇಶದವರು ಓದಿದರು. ಹುಡುಗನ ನಡತೆಯನ್ನು ಬೀದಿಗೆಲ್ಲ ಸಾರಿ, ಅವನ ತಂದೆಗೆ ಮಾತ್ರ ತಿಳಿಸಬೇಡಿರೆನ್ನುವ ಉಪಾಧ್ಯಾಯನನ್ನು ನಾವು ಏನೆನ್ನುವೆವು? ನಾನು ಮೇಷ್ಟರಾಗಿದ್ದವನು, ಅಂತಹವನ ಪಕ್ಕದಲ್ಲಿ ಕುಳಿತುಕೊಳ್ಳಲಾರೆ. ವೆನಿಸ್ಸಿನ ಪ್ರೊಫೆಸರರು ಇಂಗ್ಲಿಷಿನಲ್ಲಿಯೇ ಓದಿಕೊಂಡಾರು. ತಡೆಯು ತಗಲುವುದು ಇಂಗ್ಲಿಷು ಬಾರದ ದೋಣಿಗಾರನಿಗೆ. ಸಾಕ್ಷಿಗಳ ನಂಬಿಕೆಯನ್ನು ಗಳಿಸಲು ಬ್ರುನೆಟ್ಟಿಯು ವೆನಿಸ್ಸಿನ ಆಡುನುಡಿಗೇ ಹೊರಳುತ್ತಾನೆಂಬುದನ್ನು ನೆನೆದರೆ ಈ ಅನ್ಯಾಯವು ಇನ್ನೂ ಕಹಿಯಾಗುತ್ತದೆ.

ಉಜ್ಜಯಿನಿಯಲ್ಲಿ ನಡೆದ ಕೊಲೆಯ ಆರೋಪವನ್ನು ರಂಗಕ್ಕೆ ತಂದ ಶೂದ್ರಕನು ಮೃಚ್ಛಕಟಿಕದಲ್ಲಿ ಸಂಸ್ಕೃತವೊಂದರಿಂದಲೇ ತೃಪ್ತನಾಗಲಿಲ್ಲ; ಜೂಜುಕೋರನಿಗೂ ಗಾಡಿ ಹೊಡೆಯುವವನಿಗೂ ಅವರವರ ಪ್ರಾಕೃತವನ್ನು ಕೊಟ್ಟನು. ಸಿಸಿಲಿಯ ಆಂಡ್ರಿಯಾ ಕಮಿಲ್ಲೇರಿಯೂ (೧೯೨೫–೨೦೧೯) ಹೀಗೆಯೇ ಮಾಡಿದನು. ೧೯೯೪ರಲ್ಲಿ ಆರಂಭವಾದ ಅವನ ಮೊಂತಾಲ್ಬಾನೋ ಕಥೆಗಳು ಸಿಸಿಲಿಯ ನುಡಿ ಬೆರೆತ ಇಟಾಲಿಯನ್ನಿನಲ್ಲಿವೆ. ಉತ್ತರದವರಿಗೆ ತೊಡಕಾದ ಆ ಮಾತನ್ನು ಇಟಲಿಯೆಲ್ಲ ಆದರದಿಂದ ಓದಿತು. ಅವನ ಹುಟ್ಟೂರಾದ ಪೋರ್ತೊ ಎಂಪೆಡೊಕ್ಲೆಯು ಕಥೆಯೊಳಗಿನ ವಿಗಾತಾ ಎಂಬ ಕಲ್ಪಿತ ಹೆಸರನ್ನು ೨೦೦೩ರಲ್ಲಿ ತನ್ನ ಹೆಸರಿಗೆ ಸೇರಿಸಿಕೊಂಡಿತು, ೨೦೦೯ರಲ್ಲಿ ತೆಗೆದುಹಾಕಿತು. ಓದಿದ ಊರಾದುದರಿಂದ ಸೇರಿಸಲೂ ತೆಗೆಯಲೂ ಅದಕ್ಕೆ ಅಧಿಕಾರವಿತ್ತು.

ಲಿಯಾನರು ಅನುಮತಿಯನ್ನು ಕೊಡಲಿ. ಪೆಲೆಸ್ಟ್ರೀನಾದ ಬೆಸ್ತನು ಓದಿ, ತನ್ನ ಮನೆಯ ಸಂಗತಿ ಹಾಗಲ್ಲವೆಂದರೆ ಅದನ್ನೂ ಅವರು ಕೇಳಿಸಿಕೊಳ್ಳಲಿ.