ಬೀಗದ ಕೈ ಯಾರ ಹತ್ತಿರ ಇತ್ತು?

ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕೂತರೆ ಸಾಕು, ಪಕ್ಕದ ಎಲೆಯವರು ಶುರುಮಾಡುತ್ತಾರೆ. “ಅಲ್ಲಮ್ಮಾ, ನೀನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳಲ್ವಾ? ಮತ್ತೆ ಈ ಕರಿಕೋಟು ಯಾಕೆ ಹಾಕ್ಕೊಂಡೆ?” ಅದು ಕೈಹತ್ತಲಿಲ್ಲ, ಇದಕ್ಕೆ ಬಂದಳು ಎಂಬ ತೀರ್ಮಾನ ಪ್ರಶ್ನೆಯೊಳಗೇ ಇರುತ್ತದೆ. ಅಷ್ಟರಲ್ಲಿ ಹೋಳಿಗೆ ಬಡಿಸುವವರು ಬಂದು ನನ್ನನ್ನು ಬಚಾವು ಮಾಡುತ್ತಾರೆ. ಅಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ನಾನು ವಕೀಲಿಗೆ ಸೇರಿದ ಹೊಸತು. ಪವರ್ ಪ್ರೆಸ್ಸಿನಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡ ಹೆಂಗಸೊಬ್ಬಳು ನಮ್ಮ ಕಚೇರಿಗೆ ಬಂದಳು. ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಮಾತಾಡಿದಳು. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯಿದೆಯಲ್ಲಿ ಬೆರಳುಗಳಿಗೆ ಒಂದು ಪಟ್ಟಿ ಇತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ಒಂದೇ ಕೈಯ ಎರಡು ಬೆರಳು ಹೋದರೆ 20. ತರಕಾರಿ ರೇಟಿನ ಹಾಗೆ! ಆದರೆ ಆ 20 ಕೂಡ ಸುಲಭಕ್ಕೆ ಸಿಕ್ಕುವಂತಿರಲಿಲ್ಲ. ಸುರಕ್ಷತಾ ಸಾಧನವನ್ನು ಕೆಲಸಗಾರ ಬೇಕೆಂದೇ ತೆಗೆದಿದ್ದರೆ ಅಥವಾ ಕಡೆಗಣಿಸಿದ್ದರೆ ಅಂಥ ಗಾಯಕ್ಕೆ ಮಾಲೀಕ ಹೊಣೆಯಲ್ಲ ಎಂಬ ಮಾತೂ ಅದೇ ಕಾಯಿದೆಯಲ್ಲಿತ್ತು. ಎದುರು ಪಕ್ಷದವರು ಅದನ್ನೇ ಹಿಡಿದರು: ಎಲ್ಲ ಅವಳೇ ಮಾಡಿಕೊಂಡದ್ದು.

ನಮ್ಮ ಸೀನಿಯರ್ ಒಳ್ಳೆಯವರು, ಕಾನೂನಿನಲ್ಲಿ ಗಟ್ಟಿಗರು. ಆದರೆ ಕಡತದಲ್ಲಿದ್ದ ‘ಡೈ’ ಎಂಬ ಮಾತನ್ನು ಬಟ್ಟೆಗೆ ಹಾಕುವ ಬಣ್ಣ ಎಂದುಕೊಂಡಿದ್ದರು. ತಗಡಿಗೆ ಆಕಾರ ಕೊಡುವ ಅಚ್ಚು ಎಂದು ನಾನು ಚಿತ್ರ ಬರೆದು ತೋರಿಸಿದೆ. ಆ ಪ್ರೆಸ್ಸಿಗೆ ಎರಡು ಗುಂಡಿ. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಬೆರಳು ಹೇಗೆ ಇದ್ದೀತು? ಆದರೆ ಹಾಗೆ ಮಾಡಿದರೆ ಗಂಟೆಗೆ ಬೀಳುವ ಮಾಲು ಕಡಿಮೆ. ಆದ್ದರಿಂದ ಪ್ಯಾನೆಲ್ಲಿನೊಳಗೆ ಒಂದು ತುಂಡು ವೈರು ಸಿಕ್ಕಿಸಿ, ಒಂದು ಗುಂಡಿ ಸದಾ ಒತ್ತಿದಂತೆಯೇ ಇರುವ ಹಾಗೆ ಮಾಡಿದ್ದರು. ನಾನು ಸೀನಿಯರ್ ಕೈಗೆ ಒಂದೇ ಒಂದು ಪ್ರಶ್ನೆ ಬರೆದುಕೊಟ್ಟೆ. ಆ ಪ್ಯಾನೆಲ್ಲಿನ ಬೀಗದ ಕೈ ಯಾರ ಹತ್ತಿರ ಇತ್ತು? ಸೂಪರ್‌ವೈಸರ್ ಹತ್ತಿರ ಎಂದು ಸಾಕ್ಷಿ ಹೇಳಿಬಿಟ್ಟ. ಅವಳಿಗೆ ಪರಿಹಾರ ಸಿಕ್ಕಿತು. ಬೆರಳು ಸಿಗಲಿಲ್ಲ ಎನ್ನಿ.

ಈ ಪ್ರಶ್ನೆ ಕೇಳಲು ಮಹಾ ಬುದ್ಧಿಯೇನೂ ಬೇಡ. ಯಂತ್ರವೂ ಕಾಯಿದೆಯೂ ಒಂದೇ ತಲೆಯಲ್ಲಿರಬೇಕು, ಅಷ್ಟೆ. ಅದಕ್ಕೆ ನನಗೆ ಹಿಡಿದದ್ದು ಏಳು ವರ್ಷ: ನಾಲ್ಕು ಬಿ.ಇ.ಗೆ, ಮೂರು ಎಲ್‌ಎಲ್.ಬಿ.ಗೆ. ಏಳು ವರ್ಷವೆಂದರೆ ಹೆಣ್ಣುಮಗಳ ಮಟ್ಟಿಗೆ ಎಷ್ಟು ಜಾತಕ ವಾಪಸು ಹೋಗುವ ಕಾಲ ಎಂದು ನಿಮಗೆ ಹೇಳಬೇಕಾಗಿಲ್ಲ. ಎರಡನ್ನೂ ಒಟ್ಟಿಗೆ ಓದುತ್ತೇನೆಂದರೆ ಕಾನೂನು ಪದವಿಯ ಜೊತೆಗೆ ಮತ್ತೊಂದು ರೆಗ್ಯುಲರ್ ಪದವಿ ಕೂಡದು ಎಂದು ಬಾರ್ ಕೌನ್ಸಿಲಿನ 2008ರ ನಿಯಮ. ಸಂಯುಕ್ತ ಕೋರ್ಸಿಗೆ ಮಾತ್ರ ವಿನಾಯಿತಿ. ಹಾಗಾಗಿ ಬಿ.ಎ., ಬಿ.ಕಾಂ. ಜೊತೆ ಕಾನೂನು ಐದು ವರ್ಷಕ್ಕೆ ಮುಗಿಯುತ್ತದೆ. ಡೆಹರಾಡೂನಿನ ಖಾಸಗಿ ವಿಶ್ವವಿದ್ಯಾಲಯವೊಂದು ಕಂಪ್ಯೂಟರ್ ಇಂಜಿನಿಯರಿಂಗಿನ ಜೊತೆಗೂ ಕಾನೂನನ್ನು ಸೇರಿಸಿತು. ಖರಗಪುರದ ಐಐಟಿಯಲ್ಲಿ 2006ರಲ್ಲಿ ಶುರುವಾದ ಕಾನೂನು ಶಾಲೆ ಇಂಜಿನಿಯರುಗಳನ್ನು ಕರೆದು ಎಲ್‌ಎಲ್.ಬಿ. ಹೇಳಿಕೊಟ್ಟಿತು, ಆದರೆ ಬಿ.ಟೆಕ್. ಮುಗಿಸಿದ ಮೇಲೆ ಮತ್ತೆ ಮೂರು ವರ್ಷ. ಅಲ್ಲಿ ಹೆಚ್ಚಿನ ಒತ್ತು ಪೇಟೆಂಟಿನಂಥ ಬೌದ್ಧಿಕ ಆಸ್ತಿಗೆ. ಆಸ್ಟ್ರೇಲಿಯಾದ ಸಿಡ್ನಿ, ಮೊನಾಶ್ ವಿಶ್ವವಿದ್ಯಾಲಯಗಳಲ್ಲಿ ಇಂಜಿನಿಯರಿಂಗೂ ಕಾನೂನೂ ಒಂದೇ ಕೋರ್ಸಿನಲ್ಲಿ, ಸುಮಾರು ಆರು ವರ್ಷಕ್ಕೆ ಮುಗಿಯುತ್ತವೆ. ಬೆರಳು ತಿನ್ನುವ ಪ್ರೆಸ್ಸು ಅಲ್ಲಿಗಿಂತ ಇಲ್ಲಿ ಕಡಿಮೆಯೇ?

ಯಂತ್ರ ತಿಳಿಯದವರು ಕಾಯಿದೆ ಬರೆದರೆ ಏನಾಗುತ್ತದೆಂದು ತಿಳಿಯಬೇಕಾದರೆ 1948ರ ಕಾರ್ಖಾನೆ ಕಾಯಿದೆ ನೋಡಬೇಕು. ಅದರ 22ನೆಯ ಕಲಮಿನ ಪ್ರಕಾರ ಓಡುತ್ತಿರುವ ಎಂಜಿನ್ನಿಗೆ, ಅದರ ಬೆಲ್ಟು-ಶಾಫ್ಟುಗಳಿಗೆ ಹೆಂಗಸರು ಎಣ್ಣೆ ಬಿಡುವಂತಿರಲಿಲ್ಲ. ಅಪಾಯವಂತೆ! ಪ್ರೆಸ್ಸಿನ ಅಚ್ಚಿನೊಳಗೆ ಕೈಯಿಟ್ಟು ತಗಡು ಕೂರಿಸುವುದಕ್ಕೆ ಮಾತ್ರ ಹೆಂಗಸೆಂದು ಯಾವ ಅಡ್ಡಿಯೂ ಇರಲಿಲ್ಲ. ಎಣ್ಣೆ ಬಿಡುವುದು ಮೆಕ್ಯಾನಿಕ್ಕಿನ ಕೆಲಸ, ಅದಕ್ಕೆ ಸಂಬಳ ಹೆಚ್ಚು. ತಗಡು ಕೂರಿಸುವುದಕ್ಕೆ ದಿನಗೂಲಿ. ರಕ್ಷಣೆ ಯಾರಿಗೆ ಸಿಕ್ಕಿತೋ ನೀವೇ ಲೆಕ್ಕ ಹಾಕಿ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಹೆಂಗಸರಿಗೆ ಎಲ್ಲ ಬಗೆಯ ಕೆಲಸವನ್ನೂ, ಒಪ್ಪಿಗೆ ಇದ್ದರೆ ರಾತ್ರಿಪಾಳಿಯನ್ನೂ ತೆರೆದಿದೆ. ಸಂತೋಷವೇ. ಆದರೆ ರಾತ್ರಿಪಾಳಿಯಲ್ಲಿ ಪ್ಯಾನೆಲ್ಲಿನೊಳಗೆ ವೈರು ಸಿಕ್ಕಿಸಿದೆಯೇ ಎಂದು ನೋಡುವವರು ಯಾರು? ನೋಡಿದ್ದನ್ನು ಕೋರ್ಟಿಗೆ ಅರ್ಥವಾಗುವ ಹಾಗೆ ಬರೆಯುವವರು ಯಾರು?

ನಮ್ಮ ಕಡೆಯ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಬರೆದೆ. ಮೆಕ್ಯಾನಿಕಲ್ಲು, ಕಾನೂನು ಎರಡನ್ನೂ ಕೂಡಿಸಿ ಆರು ವರ್ಷದ ಕೋರ್ಸು ತೆರೆಯಿರಿ, ಅರ್ಧ ಸೀಟು ಹುಡುಗಿಯರಿಗಿಡಿ ಎಂದು. ಮೂರು ತಿಂಗಳಾದ ಮೇಲೆ ಒಂದು ಸಾಲಿನ ಉತ್ತರ ಬಂತು: ಬೇಡಿಕೆ ಇಲ್ಲ. ಇಲ್ಲದ ಅಂಗಡಿಯ ಮುಂದೆ ಸಾಲು ನಿಲ್ಲುವುದಾದರೂ ಹೇಗೆ, ಸ್ವಾಮಿ? ಆ ಕಾಗದವನ್ನು ಮನೆಯಲ್ಲಿ ಓದಿದಾಗ ನಮ್ಮತ್ತೆಯವರು, ಎರಡೆರಡು ಓದಿ ಏನು ಬಂತು, ಒಂದನ್ನಾದರೂ ನೆಟ್ಟಗೆ ಮಾಡಬಾರದಿತ್ತೇ ಎಂದರು. ನಾದಿನಿಯ ಮಗಳು ಮಾತ್ರ ಕಾಗದ ಕೈಗೆ ತೆಗೆದುಕೊಂಡು ಎರಡು ಸಲ ಓದಿದಳು.

ಮೊನ್ನೆ ಮತ್ತೆ ಅರ್ಜಿ ಹಾಕಿದ್ದೇನೆ. ಈ ಸಲ ಕೆಳಗೆ ಅವಳ ಸಹಿಯೂ ಇದೆ. ಅವಳೀಗ ಎರಡನೆಯ ಪಿಯುಸಿ.